ನ್ಯೂಟನ್ ಪ್ಲಾಂಟೇಷನ್ ಸ್ಮಶಾನ

ಕೆರಿಬಿಯನ್ ದ್ವೀಪರಾಷ್ಟ್ರ ಬಾರ್ಬಡೋಸ್‌ನ ದಕ್ಷಿಣ ಭಾಗದಲ್ಲಿ, ಕ್ರೈಸ್ಟ್ ಚರ್ಚ್ ಪ್ಯಾರಿಷ್‌ನಲ್ಲಿರುವ ಗುಲಾಮರ ಸ್ಮಶಾನ. ನ್ಯೂಟನ್ ಎಂಬ ಕಬ್ಬಿನ ಎಸ್ಟೇಟಿನಲ್ಲಿ ದುಡಿದು ಸತ್ತ ಆಫ್ರಿಕನ್ನರನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಸುಮಾರು 1660ರಿಂದ 1820ರವರೆಗೆ ಇಲ್ಲಿ ಹೂಳಲಾಯಿತು. ಮಣ್ಣು ತೆಳುವಾಗಿದ್ದು ಕಬ್ಬಿಗೆ ಒದಗದ ಇಳಿಜಾರು ಜಾಗವಿದು. ನೇಗಿಲು ಬೀಳದೆ ಗೋರಿಗಳು ಉಳಿದದ್ದು ಇದರಿಂದಲೇ.

1640ರ ದಶಕದಲ್ಲಿ ಸಕ್ಕರೆ ಉದ್ಯಮ ಬೇರೂರಿದ ಮೇಲೆ ಇಂಗ್ಲಿಷ್ ತೋಟಗಾರರು ಪಶ್ಚಿಮ ಆಫ್ರಿಕದಿಂದ ಹಡಗುಗಟ್ಟಲೆ ಜನರನ್ನು ತರಿಸಿಕೊಂಡರು. ಆ ಜನ ಬರೆದಿಟ್ಟದ್ದು ತೀರ ಕಡಿಮೆ. ಅವರ ಬಗ್ಗೆ ಬರೆದವರು ಒಡೆಯರು. ಲಂಡನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ನ್ಯೂಟನ್ ಕಾಗದಪತ್ರಗಳಲ್ಲಿ ಮ್ಯಾನೇಜರ್ ಸ್ಯಾಂಪ್ಸನ್ ವುಡ್ 1796ರಲ್ಲಿ ಇಂಗ್ಲೆಂಡಿನ ಮಾಲೀಕರಿಗೆ ಕಳಿಸಿದ, ಗುಲಾಮರ ಕುರಿತ ವರದಿಯಿದೆ. ಆದರೂ ಈ ಕಡತಗಳಲ್ಲಿ ಗುಲಾಮರ ದನಿ ಪೂರ್ತಿ ಅಡಗಿಲ್ಲ. ಎಸ್ಟೇಟಿನ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಓಲ್ಡ್ ಡಾಲ್ ಎಂಬಾಕೆಯ ಕುಟುಂಬದವರು ಬಿಡುಗಡೆ ಕೋರಿ ಮಾಲೀಕರಿಗೇ ಬರೆದ ಪತ್ರಗಳೂ ಅವುಗಳಲ್ಲಿವೆ.

1970ರ ದಶಕದ ಆರಂಭದಲ್ಲಿ ಸಂಶೋಧಕರಾದ ಜೆರೋಮ್ ಹ್ಯಾಂಡ್ಲರ್ ಮತ್ತು ಫ್ರೆಡರಿಕ್ ಲ್ಯಾಂಗ್ ಇಲ್ಲಿ ಉತ್ಖನನ ನಡೆಸಿ ನೂರರಷ್ಟು ಜನರ ಅವಶೇಷಗಳನ್ನು ಹೊರತೆಗೆದರು. ಅವರ ಪುಸ್ತಕ 1978ರಲ್ಲಿ ಪ್ರಕಟವಾಯಿತು. ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಬಂದದ್ದು 72ನೇ ಗೋರಿ. ಅದರಲ್ಲಿ ಮಲಗಿದ್ದ ವಯಸ್ಸಾದ ಗಂಡಸಿನ ಬಳಿ ಲೋಹದ ಬಳೆ, ಉಂಗುರ, ಕಬ್ಬಿಣದ ಚಾಕು, ಆಫ್ರಿಕದ ಗೋಲ್ಡ್ ಕೋಸ್ಟ್ ಕಡೆಯ ಮಣ್ಣಿನ ಚಿಲುಮೆ ಇದ್ದವು. ಕೊರಳ ಹಾರದಲ್ಲಿ ಕವಡೆ, ಗಾಜಿನ ಮಣಿ, ನಾಯಿಯ ಕೋರೆಹಲ್ಲು, ಮೀನಿನ ಬೆನ್ನುಮೂಳೆಯ ತುಂಡುಗಳ ಜೊತೆಗೆ ದೊಡ್ಡದೊಂದು ಕೆಂಪು ಅಗೇಟ್ ಮಣಿಯಿತ್ತು. ಅದು ಗುಜರಾತಿನ ಖಂಭಾತ್‌ನದಿರಬಹುದೆಂಬುದು ವಿದ್ವಾಂಸರ ಊಹೆ. ಆತ ನಾಟಿವೈದ್ಯನೋ ಕಣಿ ಹೇಳುವವನೋ ಆಗಿದ್ದನೆಂದು ಹ್ಯಾಂಡ್ಲರ್ ವಾದಿಸಿದರು. ತನ್ನವರ ನಡುವೆ ಆತನಿಗಿದ್ದ ಇಂಥ ಗೌರವದ ಸುಳಿವು ಒಡೆಯರು ಗುಲಾಮರಿಗೆ ಬೆಲೆ ಕಟ್ಟಿ ಬರೆದ ಪಟ್ಟಿಗಳಲ್ಲಿ ಸಿಗುವಂಥದ್ದಲ್ಲ.

ಮೂಳೆಗಳೂ ಸಾಕ್ಷಿ ನುಡಿದಿವೆ. ಹಲ್ಲಿನ ದಂತಕವಚದ ಮೇಲಿನ ಅಡ್ಡಗೆರೆಗಳು ಬಾಲ್ಯದ ಅರೆಹೊಟ್ಟೆಯನ್ನೂ ಕಾಯಿಲೆಯನ್ನೂ ಸೂಚಿಸುತ್ತವೆ. ಕೆಲವರ ಮುಂದಿನ ಹಲ್ಲುಗಳನ್ನು ಆಫ್ರಿಕದ ಪದ್ಧತಿಯಂತೆ ಅರದಿಂದ ಉಜ್ಜಿ ಚೂಪು ಮಾಡಲಾಗಿತ್ತು. 2009ರಲ್ಲಿ ಪ್ರಕಟವಾದ ಐಸೋಟೋಪ್ ಅಧ್ಯಯನ 25 ಜನರ ಅವಶೇಷಗಳನ್ನು ಪರೀಕ್ಷಿಸಿ, ಅವರಲ್ಲಿ 7 ಮಂದಿ ಆಫ್ರಿಕದಲ್ಲೇ ಹುಟ್ಟಿದವರೆಂದು ತಿಳಿಸಿತು. ಉಳಿದವರು ದ್ವೀಪದಲ್ಲೇ ಹುಟ್ಟಿದವರು. ಹಲವರ ಮೂಳೆಗಳಲ್ಲಿ ಸೀಸದ ಪ್ರಮಾಣ ವಿಪರೀತವಾಗಿತ್ತು. ಆ ಕಾಲದ ವೈದ್ಯರು ಬರೆದಿಟ್ಟಿದ್ದ ವಿಚಿತ್ರ ಹೊಟ್ಟೆನುಲಿತಕ್ಕೆ ಇದರಿಂದ ಕಾರಣ ಸಿಕ್ಕಿತು: ಸೀಸದ ಕೊಳವೆಗಳಲ್ಲಿ ಭಟ್ಟಿ ಇಳಿಸಿದ ರಮ್ ಕುಡಿತ. ಕಾಗದವನ್ನೂ ಮೂಳೆಯನ್ನೂ ಒಟ್ಟಿಗೆ ಓದುವ ವಿಧಾನಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ವಿರಳ.

ಮುಖ ಕೆಳಗಾಗಿ ಹೂತ ಯುವತಿಯೊಬ್ಬಳ ಗೋರಿ ಈಗಲೂ ಒಗಟು. ಸಮುದಾಯ ಆಕೆಯನ್ನು ಮಾಟಗಾತಿಯೆಂದು ಶಂಕಿಸಿರಬಹುದು ಎಂಬ ವಿವರಣೆಯಿದೆ, ಅದು ಊಹೆಯಷ್ಟೇ.

ಬಾರ್ಬಡೋಸ್‌ನಲ್ಲಿ ಗುಲಾಮಗಿರಿ 1834ರಲ್ಲಿ ಕಾನೂನಿನ ಪ್ರಕಾರ ರದ್ದಾಯಿತು. ಅದರ ಹೆಸರು ಬದಲಿಸಿ ಮುಂದುವರಿದ ‘ಅಪ್ರೆಂಟಿಸ್’ ದುಡಿಮೆ 1838ರಲ್ಲಿ ಕೊನೆಗೊಂಡಿತು. 2021ರಲ್ಲಿ ದೇಶ ಗಣರಾಜ್ಯವಾದ ಬೆನ್ನಲ್ಲೇ, ಸ್ಮಶಾನದ ಬಳಿ ವಾಸ್ತುಶಿಲ್ಪಿ ಡೇವಿಡ್ ಅಡ್ಜಾಯೆ ವಿನ್ಯಾಸದ ಸ್ಮಾರಕ ನಿರ್ಮಿಸುವ ಯೋಜನೆಯನ್ನು ಸರ್ಕಾರ ಪ್ರಕಟಿಸಿತು.