ಹಾಜರಿ ಪುಸ್ತಕದ ಪೌರರು: ದಕ್ಷಿಣ ಕನ್ನಡದ ಸಿಲೋನ್ ತಮಿಳು ರಬ್ಬರ್ ಕಾರ್ಮಿಕರ ದುಡಿಮೆ ಮತ್ತು ಘನತೆ

ಪೀಠಿಕೆ

ಸುಳ್ಯ, ಪುತ್ತೂರು ಭಾಗದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್, ಅಂದರೆ ಮರದಿಂದ ಹಾಲು ಇಳಿಸುವ ಕೆಲಸ, ನಸುಕಿನಲ್ಲೇ ಶುರುವಾಗುತ್ತದೆ. ಬಿಸಿಲೇರಿದರೆ ಹಾಲು ಇಳಿಯುವುದು ಕಡಿಮೆಯಾಗುತ್ತದೆ. ತೊಗಟೆಯನ್ನು ಓರೆಯಾಗಿ, ತೀರ ತೆಳುವಾಗಿ ಕೆತ್ತಬೇಕು. ಚಾಕು ಆಳಕ್ಕೆ ಹೋದರೆ ಮರಕ್ಕೆ ಗಾಯ, ಮೇಲೆಯೇ ನಿಂತರೆ ಹಾಲಿಲ್ಲ. ಪಳಗಿದ ಕೈಗಳನ್ನು ಬೇಡುವ ಈ ಕೆಲಸಕ್ಕೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ನೆಲೆಗೊಂಡವರು ಶ್ರೀಲಂಕಾದಿಂದ, ಅಂದರೆ ಹಿಂದಿನ ಸಿಲೋನಿನಿಂದ, ಮರಳಿದ ತಮಿಳು ಕುಟುಂಬಗಳವರು. ಊರಿನ ಮಾತಿನಲ್ಲಿ ಅವರು ‘ಸಿಲೋನಿನವರು’, ‘ನಿರಾಶ್ರಿತರು’. ತಮಿಳಿನಲ್ಲಿ ‘ತಾಯಗಂ ತಿರುಂಬಿಯೋರ್’, ಅಂದರೆ ತಾಯ್ನಾಡಿಗೆ ಮರಳಿದವರು. ಕಾನೂನಿನ ಕಣ್ಣಿನಲ್ಲಿ ಅವರು ನಿರಾಶ್ರಿತರಲ್ಲ, ಭಾರತದ ಪೌರರು. ಪೌರತ್ವ ಸಿಕ್ಕ ಮೇಲೂ ‘ನಿರಾಶ್ರಿತರು’ ಎಂಬ ಹಳೆಯ ಹೆಸರು ಏಕೆ ಅಂಟಿಕೊಂಡಿದೆ ಎಂಬುದು ಈ ಲೇಖನದ ಪ್ರಶ್ನೆ. ಅವರ ಪುನರ್ವಸತಿಯು ಮನೆಯನ್ನು ದುಡಿಮೆಗೆ ಕಟ್ಟಿಹಾಕಿತು; ಆ ಕಟ್ಟು ಬಿಚ್ಚದೆ ಪೌರತ್ವ ಪೂರ್ಣವಾಗದು ಎಂಬುದು ಇಲ್ಲಿನ ವಾದ.

ತುಂಡು ಚೀಟಿಯಿಂದ ಒಪ್ಪಂದದವರೆಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಸಿಲೋನಿನ ಬೆಟ್ಟಗಳಲ್ಲಿ ಮೊದಲು ಕಾಫಿ, ಅನಂತರ ಚಹಾ ತೋಟಗಳನ್ನು ಎಬ್ಬಿಸಿದಾಗ, ಕಂಗಾಣಿಗಳೆಂಬ ಮೇಸ್ತ್ರಿಗಳು ತಮಿಳು ಜಿಲ್ಲೆಗಳಿಂದ ಆಳುಗಳನ್ನು ಕರೆದೊಯ್ದರು. ಕಾರ್ಮಿಕನ ಸಾಲವನ್ನು ಬರೆದಿಡುವ ‘ತುಂಡು’ ಚೀಟಿ ಬಳಕೆಯಲ್ಲಿತ್ತು. ಆ ಸಾಲ ತೀರಿಸದೆ ಅವನು ತೋಟ ಬದಲಿಸುವಂತಿರಲಿಲ್ಲ. ಈ ಪದ್ಧತಿ 1921ರಲ್ಲಿ ರದ್ದಾಯಿತು. ಆದರೆ ವಾಸ ಮಾತ್ರ ತೋಟದ ಲೈನ್ ಮನೆಗಳಲ್ಲೇ, ಅಂದರೆ ಸಾಲುಮನೆಗಳಲ್ಲೇ, ಉಳಿಯಿತು.

ದ್ವೀಪ ಸ್ವತಂತ್ರವಾದ 1948ರಲ್ಲೇ ಅಲ್ಲಿನ ಪೌರತ್ವ ಕಾಯ್ದೆ ಇವರಲ್ಲಿ ಹೆಚ್ಚಿನವರನ್ನು ಹೊರಗಿಟ್ಟಿತು. ತಲೆಮಾರುಗಳಿಂದ ದುಡಿದವರು ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಭಾರತದ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದ ಸುಮಾರು 9,75,000 ಜನರ ಲೆಕ್ಕ ಹಾಕಿತು: ಭಾರತಕ್ಕೆ 5,25,000, ಸಿಲೋನಿಗೆ 3,00,000. ಉಳಿದ 1,50,000 ಜನರನ್ನು 1974ರಲ್ಲಿ ಎರಡೂ ದೇಶಗಳು ಸಮಪಾಲು ಮಾಡಿಕೊಂಡವು. ಈ ಹಂಚಿಕೆ ಎರಡು ಸರ್ಕಾರಗಳ ನಡುವೆ ನಡೆಯಿತು. ಯಾರ ಬದುಕು ಹಂಚಿಹೋಗುತ್ತಿತ್ತೋ ಅವರ ದನಿಗೆ ಅಲ್ಲಿ ಜಾಗವಿರಲಿಲ್ಲ.

ಮರಳಿ ಬಂದವರಿಗೆ ತಮಿಳುನಾಡಿನ ನೀಲಗಿರಿಯಲ್ಲಿ ಚಹಾ ತೋಟಗಳು, ಕೇರಳದ ಪುನಲೂರಿನಲ್ಲಿ ಮತ್ತು ದಕ್ಷಿಣ ಕನ್ನಡದಲ್ಲಿ ರಬ್ಬರ್ ತೋಟಗಳು ದುಡಿಮೆ ಕೊಟ್ಟವು. ಬಂದವರಿಗೆ ತೋಟದ ಕೆಲಸ ಗೊತ್ತು, ತೋಟಗಳಿಗೆ ಆಳು ಬೇಕು. ಯೋಜನೆಯ ತರ್ಕ ಇಷ್ಟೇ. ಅವರ ಮಕ್ಕಳು ಏನಾಗಬೇಕು ಎಂಬ ಪ್ರಶ್ನೆಗೆ ಆ ತರ್ಕದಲ್ಲಿ ಉತ್ತರವಿರಲಿಲ್ಲ.

ಸೌಲಭ್ಯವೇ ಕಟ್ಟಾಗುವ ಬಗೆ

1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕನ ಮೇಲೆ ವಸತಿ, ಕುಡಿಯುವ ನೀರು, ವೈದ್ಯಕೀಯ ನೆರವು, ಶಿಶುವಿಹಾರಗಳ ಹೊಣೆ ಹೊರಿಸಿತು. ಅದು ದೊಡ್ಡ ಗಳಿಕೆ. ಆದರೆ ಆ ಮನೆ ಕಾರ್ಮಿಕನದ್ದಲ್ಲ, ಕಾರ್ಮಿಕನಾಗಿರುವಷ್ಟು ಕಾಲ ಅವನಿಗೆ ಸಿಗುವಂಥದ್ದು. ಹಾಜರಿ ಪುಸ್ತಕದಿಂದ ಹೆಸರು ಹೋದ ದಿನ ಸೂರಿನ ಆಧಾರವೂ ಹೋಗುತ್ತದೆ. ಊರಿನಲ್ಲಿ ಅಜ್ಜನ ಜಾಗ, ತರವಾಡು ಮನೆ ಇದ್ದವನಿಗೆ ನಿವೃತ್ತಿ ಎಂದರೆ ವಿಶ್ರಾಂತಿ. ಸಮುದ್ರ ದಾಟಿ ಬರಿಗೈಯಲ್ಲಿ ಬಂದವನಿಗೆ ಅದು ಮತ್ತೊಂದು ಒಕ್ಕಲೆಬ್ಬಿಕೆ. ಮನೆ ಉಳಿಯಬೇಕಾದರೆ ಮಗನೋ ಮಗಳೋ ಅದೇ ಚಾಕು ಹಿಡಿಯಬೇಕೆಂಬ ಒತ್ತಡ ಹುಟ್ಟುವುದು ಇಲ್ಲಿಯೇ.

ಇಂಥ ಒತ್ತಡವನ್ನು ಅಳೆಯಲು ಒಂದು ತೀರ್ಪು ನೆರವಾಗುತ್ತದೆ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಬಲವಂತದ ದುಡಿಮೆಯನ್ನು ನಿಷೇಧಿಸುವ ಸಂವಿಧಾನದ 23ನೆಯ ವಿಧಿಯನ್ನು ವಿಸ್ತಾರವಾಗಿ ಅರ್ಥೈಸಿತು. ಬೇರೆ ದಾರಿಯಿಲ್ಲದೆ, ಹಸಿವಿನ ಒತ್ತಡಕ್ಕೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದಿತು. ಕನಿಷ್ಠ ಕೂಲಿ ಸಿಗುವ ತೋಟಕ್ಕೆ ಈ ತೀರ್ಪು ನೇರವಾಗಿ ಅನ್ವಯಿಸದು. ಆದರೆ ಅದರೊಳಗಿನ ಅಳತೆಗೋಲು ನಮಗೆ ಬೇಕು: ದುಡಿಯುವವನ ಎದುರು ಬೇರೆ ದಾರಿ ಇತ್ತೇ?

ಬೈಲಕುಪ್ಪೆಯ ಹೋಲಿಕೆ

ಇದೇ ರಾಜ್ಯದ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟನ್ ನಿರಾಶ್ರಿತರಿಗೆ ಸರ್ಕಾರ ಕಾಡುಭೂಮಿ ಕೊಟ್ಟಿತು. ಅವರು ಕಾಡು ಕಡಿದು ಮೆಕ್ಕೆಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು, ರತ್ನಗಂಬಳಿ ನೇಯ್ದರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಅವರಲ್ಲಿ ಬಹುಪಾಲು ಮಂದಿ ಕಾನೂನಿನಲ್ಲಿ ವಿದೇಶಿಯರು. 1951ರ ನಿರಾಶ್ರಿತರ ಒಡಂಬಡಿಕೆಯ 17ರಿಂದ 19ನೆಯ ವಿಧಿಗಳು ಕೂಲಿ, ಸ್ವಂತ ಉದ್ಯೋಗ, ವೃತ್ತಿಗಳ ಬಗ್ಗೆ ಮಾತನಾಡುತ್ತವಾದರೂ ಭಾರತ ಅದಕ್ಕೆ ಸಹಿ ಹಾಕಿಲ್ಲ. ಭೂಮಿಯ ಒಡೆತನವೂ ಅವರದಲ್ಲ. ಹಾಗಿದ್ದರೂ ಕೆಲಸ ಬದಲಿಸಿದ ಮಾತ್ರಕ್ಕೆ ಮನೆ ಬಿಡಬೇಕಾದ ಸ್ಥಿತಿ ಅಲ್ಲಿ ಹುಟ್ಟಲಿಲ್ಲ. ಒಬ್ಬರಿಗೆ ಪೌರತ್ವವಿಲ್ಲದೆ ನೆಲದ ಆಸರೆ; ಇನ್ನೊಬ್ಬರಿಗೆ ನೆಲದ ಆಸರೆಯಿಲ್ಲದ ಪೌರತ್ವ.

ಸಿಲೋನಿನಿಂದ ಮರಳಿದವರ ಜಾತಿ ಪ್ರಮಾಣಪತ್ರದ ತೊಡಕೂ ನೆಲದ ಬೇರಿಲ್ಲದ ಈ ಸ್ಥಿತಿಯಿಂದಲೇ ಹುಟ್ಟಿದ್ದು. ಪರಿಶಿಷ್ಟ ಜಾತಿಗಳ ಪಟ್ಟಿ 1950ರ ರಾಷ್ಟ್ರಪತಿ ಆದೇಶದಿಂದ ಬಂದುದು, ಆಯಾ ರಾಜ್ಯಕ್ಕೆ ಸೀಮಿತವಾದುದು. ಆಗ ಸಿಲೋನಿನ ಲೈನ್ ಮನೆಯಲ್ಲಿದ್ದ ಕುಟುಂಬ ಯಾವ ರಾಜ್ಯದ ಮೂಲವನ್ನು ತೋರಿಸಬೇಕು? ತೋಟದ ಹೊರಗೆ ದಾರಿ ತೆರೆಯಬಲ್ಲ ಶಿಕ್ಷಣ ಮತ್ತು ನೌಕರಿಯ ಮೀಸಲಾತಿಗೆ ಈ ಪ್ರಶ್ನೆಯೇ ಅಡ್ಡಗಾಲು.

ಉಪಸಂಹಾರ

ದುಡಿಮೆಯ ಹಕ್ಕು ಎಂದರೆ ಕೆಲಸ ಸಿಗುವುದಷ್ಟೇ ಅಲ್ಲ. ಆ ಕೆಲಸ ಬೇಡವೆನ್ನುವ ಶಕ್ತಿಯೂ ಅದರೊಳಗೇ ಇದೆ. ನಿವೃತ್ತ ತೋಟ ಕಾರ್ಮಿಕರಿಗೆ ತಮ್ಮ ಹೆಸರಿನ ನಿವೇಶನ, ಮರಳಿ ಬಂದವರ ಮಕ್ಕಳಿಗೆ ಜಾತಿ ಪ್ರಮಾಣಪತ್ರದ ಸ್ಪಷ್ಟ ನಿಯಮ: ಇವೆರಡನ್ನೂ ಸರ್ಕಾರ ದಯೆಯಾಗಿ ಅಲ್ಲ, 1964ರಲ್ಲಿ ತಾನೇ ಹೊತ್ತ ಋಣವಾಗಿ ತೀರಿಸಬೇಕು. ಅಲ್ಲಿಯವರೆಗೆ ಅವರನ್ನು ‘ನಿರಾಶ್ರಿತರು’ ಎಂದು ಕರೆಯುವ ನಮ್ಮ ನಾಲಿಗೆಯಷ್ಟೇ ಅಲ್ಲ, ನಮ್ಮ ವ್ಯವಸ್ಥೆಯೂ ತಪ್ಪಿತಸ್ಥ.