ಕಿಲ್ಲಾದ ಹೊರಗೆ ನಿಂತ ಸಿದ್ದಿ

ಮೈಸೂರು ಕಡೆಯವರಿಗೆ ದಸರೆಯಲ್ಲಿ ಗೊಂಬೆ ಕೂರಿಸುವುದು ಗೊತ್ತು. ನಮ್ಮ ಗಡಿಭಾಗದಲ್ಲಿ ಗೊಂಬೆಗಳು ಮನೆಯೊಳಗೆ ಕೂರುವುದಿಲ್ಲ. ದೀಪಾವಳಿಗೆ ಅಂಗಳದಲ್ಲಿ ಕೋಟೆ ಹತ್ತಿ ನಿಲ್ಲುತ್ತವೆ. ನಿಪ್ಪಾಣಿ, ಚಿಕ್ಕೋಡಿಯಿಂದ ಕಾಗವಾಡದವರೆಗೆ, ಅತ್ತ ಕೊಲ್ಹಾಪುರ, ಸಾಂಗಲಿ, ಇತ್ತ ಬೆಳಗಾವಿಯಲ್ಲೂ ಶಾಲೆಗೆ ರಜೆ ಬಿದ್ದದ್ದೇ ತಡ, ಮಕ್ಕಳು ಕಲ್ಲು, ಒಡೆದ ಇಟ್ಟಿಗೆ, ಹರಿದ ಗೋಣಿಚೀಲ ಗುಡ್ಡೆ ಹಾಕತೊಡಗುತ್ತಾರೆ. ಇದಕ್ಕೆ ‘ಕಿಲ್ಲಾ ಮಾಡೂದು’ ಎಂದು ಹೆಸರು. ಗೋಣಿಯನ್ನು ಕೆಸರಿನಲ್ಲಿ ಅದ್ದಿ ಕಲ್ಲಿನ ಮೇಲೆ ಹೊದಿಸಿದರೆ ಗುಡ್ಡದ ಇಳಿಜಾರು ತಯಾರು. ಬರೀ ಎರೆಮಣ್ಣಾದರೆ ಒಣಗಿ ಬಿರುಕು ಬಿಡುತ್ತದೆ, ಕೆಂಪು ಮಣ್ಣು ಬೆರೆಸಬೇಕು. ಮೇಲೆ ಸಾಸಿವೆ ಚೆಲ್ಲಿ ನೀರು ಚಿಮುಕಿಸಿದರೆ ನಾಲ್ಕೈದು ದಿನದಲ್ಲಿ ಕಾಡು. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು. ಮೆಟ್ಟಿಲುಗಳ ಮೇಲೆ ಭರ್ಚಿ, ಢಾಲು, ತುತ್ತೂರಿ ಹಿಡಿದ ಮಾವಳೆಗಳು, ಅಂದರೆ ಪುಣೆಯ ಪಶ್ಚಿಮದ ಮಾವಳ ಕಣಿವೆಗಳ ಕಾಲಾಳುಗಳು. ಬುಡದಲ್ಲಿ ಆಕಳು, ನೀರು ಹೊತ್ತ ಹೆಂಗಸು, ಮತ್ತು ಯಾವ ಇತಿಹಾಸಕ್ಕೂ ಸಂಬಂಧವಿಲ್ಲದ ಒಂದು ಹುಲಿ.

1990ರ ಸುಮಾರಿಗೆ ನಿಪ್ಪಾಣಿಯ ನಮ್ಮ ಓಣಿಯಲ್ಲಿ ನಾನೂ ಈ ಕೆಸರು ತುಳಿದವನು. ಉರ್ದು ಶಾಲೆಗೂ ಮರಾಠಿ, ಕನ್ನಡ ಶಾಲೆಗೂ ರಜೆ ಒಂದೇ ಸಲ ಬರುತ್ತಿತ್ತು. ಸಂತೆಯಲ್ಲಿ ಕುಂಬಾರರು ತಂದ ಗೊಂಬೆಗಳಲ್ಲಿ ಮಹಾರಾಜರಿದ್ದರು, ಮಾವಳೆಗಳಿದ್ದರು. ಅವರು ಯಾರ ಮೇಲೆ ಯುದ್ಧ ಮಾಡಬೇಕೋ ಅವರಿರಲಿಲ್ಲ. ಶತ್ರುವಿಗೆ ಯಾರೂ ಅಚ್ಚು ಮಾಡಿಸಿರಲಿಲ್ಲ. ಹಾಗಾಗಿ ಒಂದು ವರ್ಷ ಗೆಳೆಯನೊಬ್ಬ ಹಿಂದಿನ ಸಲದ ಮುರುಕು ಮಾವಳೆಗಳ ಡಬ್ಬಿಯನ್ನು ನನ್ನ ಮುಂದೆ ಸುರಿದು, “ದುಷ್ಮನ್ ನೀ ಮಾಡಲೇ, ನಿನಗ ಚಲೋ ಬರತೈತಿ” ಅಂದ. ಅವನ ಮಾತಿನಲ್ಲಿ ಎಳ್ಳಷ್ಟೂ ಕಲ್ಮಶವಿರಲಿಲ್ಲ. ಚಿತ್ರ ಬರೆಯುವುದರಲ್ಲಿ ನನ್ನ ಕೈ ಚೆನ್ನಾಗಿತ್ತು, ಅಷ್ಟೆ. ಆ ಮಾತು ಚುಚ್ಚಿದ್ದು ಬಹಳ ವರ್ಷಗಳ ನಂತರ.

ಆಗ ಮಾತ್ರ ಕೆಲಸ ಹಿಡಿಸಿಬಿಟ್ಟಿತು. ಮಾವಳೆಯ ಮುಂಡಾಸನ್ನು ಬ್ಲೇಡಿನಿಂದ ಕೆರೆದು, ಸೋರುವ ನಲ್ಲಿಗೆ ಹಚ್ಚುವ ಎಂ-ಸೀಲ್ ನಾದಿ ಶಿರಸ್ತ್ರಾಣ ಮಾಡಿದೆ. ಮುರಿದ ಭರ್ಚಿಯ ಜಾಗಕ್ಕೆ ಕಸಬರಿಗೆ ಕಡ್ಡಿ ಬಂತು. ಸುಟ್ಟ ಮಣ್ಣು ಬಣ್ಣ ಕುಡಿಯುತ್ತದೆ. ಮೊದಲು ಸುಣ್ಣಕ್ಕೆ ಗೋಂದು ಕಲಸಿ ಒಂದು ಕೈ ಬಳಿದುಕೊಳ್ಳಬೇಕು. ಎಲ್ಲಕ್ಕಿಂತ ಕಷ್ಟ ಕಣ್ಣು ಬರೆಯುವುದು. ಕುಂಚದಿಂದ ಬರೆದರೆ ಗುಡ್ಡೆ ಹೊರಬಂದಂತೆ ಕಾಣುತ್ತದೆ. ಬೆಂಕಿಕಡ್ಡಿಯನ್ನು ಚೂಪು ಮಾಡಿ ಚುಕ್ಕಿ ಇಟ್ಟರೆ ಸಾಕು. ಕೊನೆಗೆ ಕಪ್ಪು ಬಣ್ಣವನ್ನು ನೀರಿನಷ್ಟು ತೆಳ್ಳಗೆ ಮಾಡಿ ಮೇಲಿಂದ ಹರಿಬಿಟ್ಟರೆ ಬಟ್ಟೆಯ ನೆರಿಗೆಗಳಲ್ಲಿ ನಿಂತು ನೆರಳಾಗುತ್ತದೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಕುಂಚ ತೊಳೆದ ನೀರು ಚೆಲ್ಲಿ ಕಲಿತದ್ದು. ಸೈನಿಕರ ಅಂಗಿಗೆ ಯಾವ ಬಣ್ಣ ಎಂಬ ಪ್ರಶ್ನೆಯೇ ಏಳಲಿಲ್ಲ. ಹಸಿರು. ಅಡಿಯಿಂದ ಮುಡಿಯವರೆಗೆ ಹಸಿರು. ಸಿನಿಮಾ ಮತ್ತು ಕ್ಯಾಲೆಂಡರು ನೋಡಿ ಅಷ್ಟು ಕಲಿತಿದ್ದೆ.

ಮನೆಯಲ್ಲಿ ದಾದಿಯ ತಕರಾರು ಬೇರೆ ಇತ್ತು. “ಅರೆ, ಘರ್ ಮೆ ಪುತ್ಲೆ ಕಾಯ್ಕು?” ಎಂದು ದಿನಕ್ಕೆರಡು ಸಲ ಗದರುತ್ತಿದ್ದರು. ಜೀವವಿರುವುದರ ರೂಪ ಮಾಡುವುದು ನಮ್ಮಲ್ಲಿ ಸಲ್ಲದೆಂಬುದು ಅವರ ವಾದ. ಆದರೆ ಮಕ್ಕಳ ಆಟಿಕೆಯ ವಿಷಯದಲ್ಲಿ ಉಲೇಮಾಗಳಲ್ಲೇ ಸಡಿಲ ಅಭಿಪ್ರಾಯವಿದೆ. ಹಜ್ರತ್ ಆಯಿಶಾ(ರ) ಅವರ ಗೊಂಬೆಗಳ ನಡುವೆ ರೆಕ್ಕೆಯಿರುವ ಕುದುರೆಯೊಂದನ್ನು ಕಂಡು ಪ್ರವಾದಿ ಮುಹಮ್ಮದ್(ಸ) ವಿಚಾರಿಸಿದ್ದು, ಸುಲೈಮಾನರ ಕುದುರೆಗಳಿಗೆ ರೆಕ್ಕೆ ಇರಲಿಲ್ಲವೇ ಎಂದು ಅವರು ಮರುಪ್ರಶ್ನೆ ಹಾಕಿದ್ದು, ಪ್ರವಾದಿಯವರು ನಕ್ಕಿದ್ದು ಅಬೂ ದಾವೂದ್‌ರ ಹದೀಸ್ ಸಂಗ್ರಹದಲ್ಲಿದೆ. ಇದು ಆಗಲೇ ಗೊತ್ತಿದ್ದರೆ ನನ್ನ ಸೈನ್ಯ ಹಿತ್ತಿಲಿನ ಕಟ್ಟಿಗೆ ರಾಶಿಯ ಹಿಂದೆ ಅಡಗಬೇಕಿರಲಿಲ್ಲ.

ಪಶ್ಚಿಮದಲ್ಲಿ ಇದೇ ಕೆಲಸವನ್ನು ದೊಡ್ಡವರು ಹವ್ಯಾಸವಾಗಿ ಮಾಡುತ್ತಾರೆಂದು ತಿಳಿದದ್ದು ಈಚೆಗೆ. ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಹಾಕಿಕೊಟ್ಟ. ನಿಜವಾದ ಯುದ್ಧಕ್ಕಿಂತ ಆಟದ ಯುದ್ಧವೇ ಮೇಲು ಎಂಬುದು ಅವನ ವಾದ. ಮರುವರ್ಷವೇ ಮಹಾಯುದ್ಧ ಶುರುವಾಯಿತು. 1983ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ‘ವಾರ್‌ಹ್ಯಾಮರ್’ ಆಟ ತಂದಮೇಲೆ ರಾಕ್ಷಸರು, ಕುಬ್ಜರು, ಮಾಂತ್ರಿಕರ ಹೆಬ್ಬೆಟ್ಟಿನಷ್ಟು ಎತ್ತರದ ಗೊಂಬೆಗಳು ಬಂದವು. ಒಂದರ ತಲೆ ಕತ್ತರಿಸಿ ಇನ್ನೊಂದಕ್ಕೆ ಅಂಟಿಸಿ, ಎಂ-ಸೀಲ್‌ನ ಅಣ್ಣತಮ್ಮನಂಥ ಲಪ್ಪದಿಂದ ಹೊಸ ಅಂಗಿ ತೊಡಿಸಿ, ಬಣ್ಣ ಹಚ್ಚುತ್ತಾರೆ. ಹೀಗೆ ಗೊಂಬೆ ಬದಲಾಯಿಸುವುದಕ್ಕೆ ಅಲ್ಲಿ ‘ಕನ್ವರ್ಷನ್’ ಅನ್ನುತ್ತಾರಂತೆ. ನಮ್ಮಲ್ಲಿ ಈ ಪದ ಜೋರಾಗಿ ಹೇಳಿದರೆ ಜನ ಬೇರೆಯೇ ಅರ್ಥ ಮಾಡಿಕೊಂಡಾರು!

ಹಳೆಯ ಯುದ್ಧಗಳ ಗೊಂಬೆ ಮಾಡುವವರು ಮಾತ್ರ ಒಂದು ಗುಂಡಿಯ ಬಣ್ಣಕ್ಕಾಗಿಯೂ ಪುಸ್ತಕ ಹುಡುಕುತ್ತಾರೆ. ಅವರನ್ನು ನೋಡಿ ನನಗೂ ನನ್ನ ಹಸಿರು ಸೈನ್ಯ ನೆನಪಾಯಿತು. ಬಿಜಾಪುರದ ಸೈನಿಕರು ನಿಜಕ್ಕೂ ಹೇಗಿದ್ದರು? ಆದಿಲಶಾಹಿ ಚಿತ್ರಗಳನ್ನು ನೋಡಿದರೆ ಕಾಣುವುದು ಉದ್ದನೆಯ ತೆಳು ಜಾಮಾ, ಜರಿಯ ನಡುಪಟ್ಟಿ, ಬಿಗಿದು ಸುತ್ತಿದ ಪೇಟ. 1645ರ ಸುಮಾರಿನ ಒಂದು ಚಿತ್ರದಲ್ಲಿ ಮುಹಮ್ಮದ್ ಆದಿಲಶಾಹ ಆನೆಯ ಮೇಲೆ ಹೊರಟಿದ್ದಾನೆ. ಅವನ ಹಿಂದೆ ಕುಳಿತವನು ವಜೀರ ಇಖ್ಲಾಸ್ ಖಾನ್, ಕಪ್ಪು ಮೈಬಣ್ಣದ ಹಬಶಿ. ಹೈದರ್ ಅಲಿ, ಇಬ್ರಾಹಿಂ ಖಾನ್ ಎಂಬ ಇಬ್ಬರು ಕಲಾವಿದರು ಸೇರಿ ಬರೆದ ಚಿತ್ರವದು. ನಾನು ಬ್ಲೇಡು ಹಿಡಿದು ಮಾಡಿದ ಯಾವ ದುಷ್ಮನ್‌ಗೂ ಈ ಮುಖವಿರಲಿಲ್ಲ.

ನಮ್ಮ ಮಕ್ಕಳಿಗೆ ಅತಿ ಹತ್ತಿರದ ದೊಡ್ಡ ಕೋಟೆ ಪನ್ಹಾಳ. 2025ರ ಜುಲೈಯಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ 12 ಮರಾಠಾ ಕೋಟೆಗಳಲ್ಲಿ ಇದೂ ಒಂದು. 12ನೇ ಶತಮಾನದ ಶಿಲಾಹಾರ ಭೋಜನ ಕೋಟೆಯಿದು. ಎಲ್ಲರೂ ಫೋಟೊ ತೆಗೆಸಿಕೊಳ್ಳುವ ತೀನ್ ದರ್ವಾಜಾ ಆದಿಲಶಾಹಿ ಕಾಲದ್ದು, ಪಾರ್ಸಿ ಶಾಸನ ಅದರ ಮೇಲೆಯೇ ಇದೆ. 1659ರ ನವೆಂಬರಿನಲ್ಲಿ ಪ್ರತಾಪಗಡದಲ್ಲಿ ಅಫ್ಜಲ್ ಖಾನ್ ಹತನಾದ ಕೆಲವೇ ದಿನಗಳಲ್ಲಿ ಪನ್ಹಾಳ ಶಿವಾಜಿ ಮಹಾರಾಜರ ಕೈಸೇರಿತು. ಅದನ್ನು ಮರಳಿ ಪಡೆಯಲು 1660ರ ಮಾರ್ಚಿನಲ್ಲಿ ಬಿಜಾಪುರ ಕಳಿಸಿದ ಸರದಾರ ಕರ್ನೂಲಿನ ಸಿದ್ದಿ ಜೌಹರ್. ಸಿದ್ದಿಗಳು ಆಫ್ರಿಕಾ ಮೂಲದವರು. ಅವರಲ್ಲಿ ಗುಲಾಮರಾಗಿ ಬಂದವರೇ ದಖನ್ನಿನ ದರಬಾರುಗಳಲ್ಲಿ ವಜೀರರಾದರು. ಮುತ್ತಿಗೆ ನಾಲ್ಕು ತಿಂಗಳು ನಡೆಯಿತು. ರಾಜಾಪುರದ ಇಂಗ್ಲಿಷ್ ಕೋಠಿಯ ಹೆನ್ರಿ ರೆವಿಂಗ್ಟನ್ ತೋಪು ತಂದು, ತಮ್ಮ ಬಾವುಟ ಏರಿಸಿ ಕೋಟೆಯ ಮೇಲೆ ಗುಂಡು ಹಾರಿಸಿದ. ಜುಲೈಯ ಮಳೆಯ ರಾತ್ರಿ ಮಹಾರಾಜರು ವಿಶಾಳಗಡಕ್ಕೆ ಪಾರಾದರು. ಅವರ ವೇಷ ತೊಟ್ಟು ಪಲ್ಲಕ್ಕಿಯಲ್ಲಿ ಕುಳಿತು ಜೀವ ಕೊಟ್ಟ ಶಿವಾ ಕಾಶಿದ್, ಕಣಿವೆ ಕಾಯ್ದು ಮಡಿದ ಬಾಜಿಪ್ರಭು — ಈ ಕಥೆ ಇಲ್ಲಿನ ಮಕ್ಕಳಿಗೆ ಬಾಯಿಪಾಠ.

ಬಾಯಿಪಾಠದಲ್ಲಿ ಬಿಟ್ಟುಹೋದವನು ಸಿದ್ದಿ ಹಿಲಾಲ್. ನೇತಾಜಿ ಪಾಲ್ಕರನ ಜೊತೆ ಹೊರಗಿನಿಂದ ಬಂದು ಮುತ್ತಿಗೆ ಮುರಿಯಲು ಜೌಹರನ ಮೇಲೆ ಬಿದ್ದವನು ಇವನು. ಆ ಕಾದಾಟದಲ್ಲಿ ಇವನ ಮಗ ವಾಹವಾಹ್ ಗಾಯಗೊಂಡು ಜೌಹರನಿಗೆ ಸೆರೆಸಿಕ್ಕ. ಒಬ್ಬ ಸಿದ್ದಿ ಕೋಟೆ ಕೆಡವಲು, ಇನ್ನೊಬ್ಬ ಸಿದ್ದಿ ಅದನ್ನು ಉಳಿಸಲು! ಮಹಾರಾಜರ ನೌಕಾಪಡೆಯಲ್ಲಿ ದೌಲತ್ ಖಾನ್ ಇದ್ದ, ಪಾರ್ಸಿ ಪತ್ರಗಳಿಗೆ ಕಾಜಿ ಹೈದರ್ ಇದ್ದ. ಅತ್ತ ಅವರ ತಂದೆ ಶಹಾಜಿಯವರೇ ಆದಿಲಶಾಹಿಯ ಸರದಾರರು. 1664ರಲ್ಲಿ ಚನ್ನಗಿರಿ ಬಳಿಯ ಹೊದಿಗೆರೆಯಲ್ಲಿ ತೀರಿಕೊಂಡರು. ಮುಧೋಳದ ಘೋರ್ಪಡೆಯವರೂ ಬಿಜಾಪುರದ ಕಡೆ. ಹೀಗಿರುವಾಗ ಕುಂಬಾರ ಒಂದೇ ಅಚ್ಚಿನಲ್ಲಿ ಎರಡೂ ಸೈನ್ಯ ತೆಗೆದಿದ್ದರೂ ಇತಿಹಾಸಕ್ಕೆ ದೊಡ್ಡ ತಪ್ಪೇನೂ ಆಗುತ್ತಿರಲಿಲ್ಲ.

ಅಥಣಿಯ ಕಥೆಯಂತೂ ಯಾವ ಕಿಲ್ಲಾದಲ್ಲೂ ನಾನು ಕಂಡಿಲ್ಲ. ಬಿಜಾಪುರದಿಂದ ಕರಾವಳಿಗೆ ಸಾಗುವ ದಾರಿಯಲ್ಲಿ ಅದು ದೊಡ್ಡ ಪೇಟೆ. 1679ರ ನವೆಂಬರಿನಲ್ಲಿ ಮೊಗಲ್ ಸೇನಾಪತಿ ದಿಲೇರ್ ಖಾನ್ ಬಿಜಾಪುರದ ಸೀಮೆಗೆ ನುಗ್ಗಿದ. ತಂದೆಯೊಡನೆ ಮುನಿದ ಸಂಭಾಜಿ ಆಗ ಅವನ ಪಾಳೆಯದಲ್ಲಿದ್ದ. ತಿಕೋಟೆಯಲ್ಲಿ ಹಿಂದೂ, ಮುಸ್ಲಿಮ್ ಎನ್ನದೆ ಜನರನ್ನು ಸೆರೆಹಿಡಿದರು. ಹೆಂಗಸರು ಮಕ್ಕಳನ್ನು ತಬ್ಬಿಕೊಂಡು ಬಾವಿಗೆ ಹಾರಿದರು. ಆಮೇಲೆ ಅಥಣಿಯನ್ನು ಸುಟ್ಟು, ಅಲ್ಲಿನವರನ್ನು ಗುಲಾಮರಾಗಿ ಮಾರಲು ದಿಲೇರ್ ಖಾನ್ ಹೊರಟಾಗ ಸಂಭಾಜಿ ವಿರೋಧಿಸಿದ. ಮಾತು ನಡೆಯಲಿಲ್ಲ. ರಾತ್ರೋರಾತ್ರಿ ಪಾಳೆಯ ಬಿಟ್ಟು ಓಡಿದವನು ಹೋದದ್ದು ಬಿಜಾಪುರಕ್ಕೆ, ಅಲ್ಲಿನ ರಾಜಪ್ರತಿನಿಧಿ ಸಿದ್ದಿ ಮಸೂದನ ಬಳಿಗೆ. ಮಸೂದ್ ಯಾರೆಂದರೆ ಪನ್ಹಾಳಕ್ಕೆ ಮುತ್ತಿಗೆ ಹಾಕಿದ್ದ ಅದೇ ಜೌಹರನ ಅಳಿಯ. ಅಲ್ಲಿಂದ ಸಂಭಾಜಿ ಪನ್ಹಾಳ ಸೇರಿದ. ಆ ವರ್ಷ ಮೊಗಲರ ವಿರುದ್ಧ ಬಿಜಾಪುರಕ್ಕೆ ನೆರವಾದವರು ಸ್ವತಃ ಶಿವಾಜಿ ಮಹಾರಾಜರು.

ಆದರೆ ಗೊಂಬೆಗಳಿಗೆ, ಬ್ಯಾನರುಗಳಿಗೆ ಬೇಕಾದದ್ದು ಪ್ರತಾಪಗಡ ಒಂದೇ. ಕಾಗವಾಡದಿಂದ ಕಾಣುವಷ್ಟು ಹತ್ತಿರ ಮೀರಜ್. ಕತ್ತಿ ಮಸೆಯುವ ಶಿಕಲಗಾರ ಮನೆತನಗಳು 19ನೇ ಶತಮಾನದಲ್ಲಿ ಸಿತಾರು, ತಂಬೂರಿ ಮಾಡುವುದಕ್ಕೆ ಹೊರಳಿದ ಊರದು. ಅದೇ ಊರಿನಲ್ಲಿ 2009ರ ಸೆಪ್ಟೆಂಬರಿನ ಗಣೇಶೋತ್ಸವದಲ್ಲಿ, ಕಮಾನಿನ ಮೇಲೆ ಬರೆಸಿದ್ದ ಅಫ್ಜಲ್ ಖಾನ್ ವಧೆಯ ಚಿತ್ರದಿಂದ ಗಲಭೆ ಎದ್ದು ಸಾಂಗಲಿ, ಇಚಲಕರಂಜಿಯವರೆಗೆ ಹಬ್ಬಿತು. ಆ ವಾರ ನಮ್ಮ ಓಣಿಯಲ್ಲೂ ಸಂಜೆಯಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ದುಷ್ಮನ್ ನೀ ಮಾಡಲೇ ಎಂಬ ಮಾತು ನನಗೆ ನೆನಪಾದದ್ದು ಆಗ.

ಅದನ್ನು ಹೇಳಿದ ಗೆಳೆಯ ಈಗಲೂ ಪಕ್ಕದ ಮನೆಯವನೇ. ಹೋದ ದೀಪಾವಳಿಗೆ ಅವನ ಮಗಳು ಪನ್ಹಾಳ ಕಟ್ಟುತ್ತೇನೆಂದು ಹಟ ಹಿಡಿದಳು. ಸಂತೆಯ ಗೊಂಬೆಗಳು ಈಗ ಪ್ಲಾಸ್ಟರಿನವು, ಬ್ಲೇಡಿಗೆ ಸುಲಭವಾಗಿ ಬಗ್ಗುತ್ತವೆ. ಎಂ-ಸೀಲ್ ಮಾತ್ರ ಅದೇ. ಎರಡು ಮಾವಳೆಗಳ ಮುಂಡಾಸು ಕೆರೆದು ಪೇಟ ಸುತ್ತಿದೆ, ಬಿಳಿ ಜಾಮಾ ತೊಡಿಸಿದೆ, ಮುಖಕ್ಕೆ ಕಂದುಗಪ್ಪು ಹಚ್ಚಿದೆ. ಜೌಹರನಿಗೆ ಢಾಲು, ಹಿಲಾಲನಿಗೆ ಭರ್ಚಿ.

“ಕಾಕಾ, ಇಬ್ರೂ ಒಂದ ಥರ ಅದಾರಲ್ಲ. ನಮ್ಮಾಂವ ಯಾಂವ?”

“ಭರ್ಚಿ ಹಿಡದಾಂವ” ಅಂದೆ.

ಅವಳು ಅವನನ್ನು ಮಹಾರಾಜರ ಪಕ್ಕದಲ್ಲೇ ಮೆಟ್ಟಿಲ ಮೇಲೆ ನಿಲ್ಲಿಸಿದಳು. ಅಲ್ಲ ಮಗಳೇ, ಅವನು ಹೊರಗಿನಿಂದ ಬಂದವನು, ಜೌಹರನ ದಂಡಿನ ಬೆನ್ನಿಗೆ ನಿಲ್ಲಬೇಕು ಎಂದೆ. ಅಲ್ಲಿ ಜಾಗವೇ ಇರಲಿಲ್ಲ; ಅಂಗಳ ಮುಗಿದು ರಸ್ತೆ ಶುರುವಾಗುತ್ತಿತ್ತು. ಸ್ವಲ್ಪ ಹೊತ್ತು ಯೋಚಿಸಿ ಸಿದ್ದಿ ಹಿಲಾಲನನ್ನು ಬಾಗಿಲ ಮುಂದಿನ ಕಟ್ಟೆಯ ಅಂಚಿನಲ್ಲಿ ಇಟ್ಟಳು. ಹೋಗಿಬರುವವರು ತುಳಿಯಬಾರದೆಂದು ಅವನ ಸುತ್ತ ರಂಗೋಲಿ ಪುಡಿಯಿಂದ ಒಂದು ಗೆರೆ ಎಳೆದಳು.