ಒಬ್ಬ ತಾಯಿ ತಿದ್ದಿಸಿದ ಕಾನೂನು

ಆಂಗ್ಲ ಶ್ರೀಮಂತ ಮನೆತನಗಳ ಸ್ತ್ರೀಯರೆಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದೇನು? ರೇಷ್ಮೆಯ ಉಡುಗೆ, ಮುತ್ತಿನ ಹಾರ, ದೀಪಗಳಿಂದ ಬೆಳಗುವ ನರ್ತನಶಾಲೆ. ಆ ಬೆಳಕಿನ ಹಿಂದಿನ ಬಾಳು ಎಂಥದಿತ್ತೆಂಬುದನ್ನು ವಾಚಕರು ತಿಳಿಯಬೇಕಾದರೆ ಕೆರೊಲಿನ್ ನಾರ್ಟನ್ನಳ ಚರಿತ್ರೆಯನ್ನು ನೋಡಬೇಕು.

ಈಕೆ ಹುಟ್ಟಿದ್ದು ೧೮೦೮ರಲ್ಲಿ. ಪ್ರಸಿದ್ಧ ನಾಟಕಕಾರ ಷೆರಿಡನ್ನನ ಮೊಮ್ಮಗಳು. ೧೮೮೪ರಿಂದ ೧೮೮೮ರವರೆಗೆ ಭಾರತದ ವೈಸರಾಯಿಯಾಗಿದ್ದ ಲಾರ್ಡ್ ಡಫರಿನ್ ಈಕೆಯ ಅಕ್ಕನ ಮಗ. ರೂಪವಿತ್ತು, ವಿದ್ಯೆಯಿತ್ತು, ವಾಕ್ಚಾತುರ್ಯವಿತ್ತು. ತಂದೆಯಿಲ್ಲದ ಮನೆಯಲ್ಲಿ ಹಣ ಮಾತ್ರ ಇರಲಿಲ್ಲ. ೧೮೨೭ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಲಾರ್ಡ್ ಗ್ರ್ಯಾಂಟ್ಲಿಯ ತಮ್ಮ ಜಾರ್ಜ್ ನಾರ್ಟನ್ನನ ಕೈಹಿಡಿದಳು. ಗಂಡ ಮುಂಗೋಪಿ, ಹೊಡೆತಕ್ಕೂ ಹೇಸದವನು. ಕೆರೊಲಿನ್ ಕವಿತೆ ಕಾದಂಬರಿಗಳನ್ನು ಬರೆದು ಸಂಸಾರಕ್ಕೆ ಹಣ ತಂದಳು. ಮೂವರು ಗಂಡುಮಕ್ಕಳನ್ನು ಹೆತ್ತಳು.

೧೮೩೬ರಲ್ಲಿ ಜಾರ್ಜ್ ಮಕ್ಕಳನ್ನು ಆಕೆಯಿಂದ ಅಗಲಿಸಿದ. ಆಕೆಗೂ ಪ್ರಧಾನಮಂತ್ರಿ ಲಾರ್ಡ್ ಮೆಲ್ಬರ್ನನಿಗೂ ಅಕ್ರಮ ಸಂಬಂಧವಿದೆಯೆಂದು ಆರೋಪಿಸಿ, ಮೆಲ್ಬರ್ನನಿಂದ ೧೦,೦೦೦ ಪೌಂಡು ಪರಿಹಾರ ಕೋರಿ ದಾವೆ ಹೂಡಿದ. ಪಂಚರು ತಮ್ಮ ಸ್ಥಾನದಿಂದ ಏಳದೆಯೇ ಆರೋಪವನ್ನು ತಳ್ಳಿಹಾಕಿದರು. ಮಾನವೇನೋ ಉಳಿಯಿತು, ಮಕ್ಕಳು ಮಾತ್ರ ಬರಲಿಲ್ಲ! ಏಕೆಂದರೆ ತಾಯಿ ನಿರ್ದೋಷಿಯೇ ಎಂದು ಆ ಕಾನೂನು ಕೇಳುತ್ತಲೇ ಇರಲಿಲ್ಲ. ಮದುವೆಯಾದ ಸ್ತ್ರೀಗೆ ಗಂಡನಿಂದ ಬೇರೆಯಾದ ವ್ಯಕ್ತಿತ್ವವೇ ಇಲ್ಲ. ಮಕ್ಕಳೂ ಅವನವರು, ಆಕೆಯ ಸಂಪಾದನೆಯೂ ಅವನದು.

ಕೆರೊಲಿನ್ ಲೇಖನಿ ಹಿಡಿದಳು. ಅನೇಕ ಪತ್ರಿಕೆಗಳನ್ನು ಬರೆದು ಹಂಚಿದಳು. ಪಾರ್ಲಿಮೆಂಟಿನ ಸದಸ್ಯರ ಮನವೊಲಿಸಿದಳು. ೧೮೩೯ರಲ್ಲಿ ಹೊಸ ಶಾಸನ ಬಂದಿತು. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ವಶಕ್ಕೆ ಕೊಡಬೇಕೆಂದು ತಾಯಿ ನ್ಯಾಯಸ್ಥಾನವನ್ನು ಬೇಡಬಹುದಾಯಿತು. ಆದರೆ ವಿಧಿಯ ವಿಪರ್ಯಾಸವನ್ನು ನೋಡಿ. ಆಕೆಯ ಮಕ್ಕಳಿದ್ದದ್ದು ಸ್ಕಾಟ್ಲೆಂಡಿನಲ್ಲಿ. ಆ ಶಾಸನ ಅಲ್ಲಿಗೆ ಸಲ್ಲುತ್ತಿರಲಿಲ್ಲ. ೧೮೪೨ರಲ್ಲಿ ಕಿರಿಯ ಮಗ ವಿಲಿಯಂ ಕುದುರೆಯಿಂದ ಬಿದ್ದು ಗಾಯಗೊಂಡ. ತಾಯಿ ಓಡಿಬರುವಷ್ಟರಲ್ಲಿ ಮಗುವಿನ ಪ್ರಾಣ ಹೋಗಿತ್ತು. ಉಳಿದಿಬ್ಬರು ಆಮೇಲೆ ಆಕೆಯ ಬಳಿಗೆ ಬಂದುಹೋಗುವಂತಾಯಿತು.

ಮುಂದೆ ಗಂಡ ಆಕೆಯ ಬರವಣಿಗೆಯ ಹಣಕ್ಕೂ ಕೈಚಾಚಿದ. ೧೮೫೫ರಲ್ಲಿ ಕೆರೊಲಿನ್ ವಿಕ್ಟೋರಿಯಾ ರಾಣಿಗೇ ಬಹಿರಂಗ ಪತ್ರ ಬರೆದಳು. ೧೮೫೭ರ ವಿವಾಹ ಶಾಸನವು, ಗಂಡ ತೊರೆದುಹೋದ ಹೆಂಡತಿಯ ಸಂಪಾದನೆಗೆ ರಕ್ಷಣೆ ಕೊಟ್ಟಿತು. ಮದುವೆಯಾದ ಸ್ತ್ರೀಯರೆಲ್ಲರಿಗೂ ಪೂರ್ಣ ಆಸ್ತಿಯ ಹಕ್ಕು ಬರಲು ೧೮೮೨ರವರೆಗೆ ಕಾಯಬೇಕಾಯಿತು. ಅದನ್ನು ನೋಡಲು ಕೆರೊಲಿನ್ ಇರಲಿಲ್ಲ. ಗಂಡ ಸತ್ತದ್ದು ೧೮೭೫ರಲ್ಲಿ; ಅಲ್ಲಿಯವರೆಗೂ ಆಕೆಗೆ ಬಿಡುಗಡೆಯಿರಲಿಲ್ಲ. ೧೮೭೭ರಲ್ಲಿ ಹಳೆಯ ಸ್ನೇಹಿತನೊಬ್ಬನನ್ನು ಮದುವೆಯಾಗಿ, ಕೆಲವೇ ತಿಂಗಳಲ್ಲಿ ತೀರಿಕೊಂಡಳು.

ಗಮನಿಸಿ, ಸ್ತ್ರೀಪುರುಷರು ಸಮಾನರೆಂದು ಈಕೆ ವಾದಿಸಿದವಳಲ್ಲ. ಬೇಡಿದ್ದು ರಕ್ಷಣೆಯನ್ನು, ತನ್ನ ಮಕ್ಕಳನ್ನು. ತನ್ನ ಮಡಿಲಿಗೆ ಬಾರದ ಫಲವನ್ನು ಆಕೆ ಪರರ ಮಡಿಲಿಗೆ ದೊರಕಿಸಿಕೊಟ್ಟಳು. ಇತಿಹಾಸದ ಪುಟಗಳಲ್ಲಿ ಶಾಸನಗಳ ವರ್ಷಗಳನ್ನು ಓದುವಾಗ, ಒಂದೊಂದು ವರ್ಷದ ಹಿಂದೆಯೂ ಇಂಥ ಕಣ್ಣೀರು ಇದ್ದೀತೆಂಬುದನ್ನು ನಾವು ಮರೆಯಬಾರದು.